‘ಇಲ್ಲ’ ಎಂದ ಗ್ರಾಹಕನಿಗೆ ಮುಂದಿನ ಸಾಲು ಯಾವುದು? ಮಳಿಗೆಗಳ ಆಡಳಿತ ವರ್ಗಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಸರಪಳಿ ಮಳಿಗೆಗಳ ಆಡಳಿತ ಮಂಡಳಿಯವರು ಹಾಗೂ ಗ್ರಾಹಕ ಸೇವಾ ತರಬೇತಿ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಕಳೆದ ತಿಂಗಳು ದೊಡ್ಡ ಮಳಿಗೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ನಡೆದ, ಎರಡು ನಿಮಿಷವೂ ಹಿಡಿಯದ ಪ್ರಸಂಗವೊಂದು ಈ ಪತ್ರಕ್ಕೆ ಕಾರಣ. ಮನೆಯ ಫ್ಲಾಸ್ಕಿನ ಮುಚ್ಚಳದೊಳಗಿನ ರಬ್ಬರ್ ವಾಷರ್ ಸವೆದು ನೀರು ಸೋರುತ್ತಿದ್ದುದರಿಂದ ಅಂಥದೇ ಒಂದನ್ನು ಹುಡುಕಿಕೊಂಡು ಹೋಗಿದ್ದೆ. ಅರ್ಧ ಗಂಟೆ ಸಾಲುಸಾಲು ತಿರುಗಿದರೂ ಅದು ಕಣ್ಣಿಗೆ ಬೀಳಲಿಲ್ಲ. ಬರಿಗೈಯಲ್ಲಿ ಹೊರಬರಲು ಸಂಕೋಚವಾಗಿ ಒಂದು ಸಾಬೂನು, ಒಂದು ನೋಟ್‌ಬುಕ್ ಹಿಡಿದು ಸರದಿಯಲ್ಲಿ ನಿಂತೆ. ಕೌಂಟರಿನ ಹುಡುಗಿ ಸಾಮಾನನ್ನು ಸ್ಕ್ಯಾನ್ ಮಾಡುತ್ತಲೇ, ತಲೆಯೆತ್ತದೆ, ‘ಬೇಕಾಗಿದ್ದೆಲ್ಲ ಸಿಕ್ಕಿತಾ ಸರ್?’ ಎಂದು ಕೇಳಿದಳು. ‘ಇಲ್ಲಮ್ಮ, ಬಂದಿದ್ದೇ ಒಂದು ವಾಷರಿಗಾಗಿ, ಅದೇ ಸಿಗಲಿಲ್ಲ’ ಎಂದೆ. ‘ತುಂಬಾ ಸಂತೋಷ ಸರ್. ನಮ್ಮ ಮೆಂಬರ್‌ಶಿಪ್ ಕಾರ್ಡ್ ಇದೆಯಾ ನಿಮ್ಮ ಹತ್ತಿರ?’ ಎಂದಳು.

ಹಾಗೆಂದ ಮೇಲೆ ಎಲ್ಲೋ ಎಡವಿದೆನೆಂದು ಅವಳಿಗೇ ಅನ್ನಿಸಿರಬೇಕು. ಸ್ಕ್ಯಾನರ್ ಹಿಡಿದ ಕೈ ನಿಂತಿತು. ತಲೆಯೆತ್ತಿದವಳು ಮೊದಲು ನೋಡಿದ್ದು ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಸೂಪರ್‌ವೈಸರನ್ನು. ಆಮೇಲೆ ಅವಳ ಕಣ್ಣು ಕೌಂಟರಿನ ಒಳ ಅಂಚಿಗೆ ಟೇಪಿನಿಂದ ಅಂಟಿಸಿದ್ದ ಕಾಗದವೊಂದರ ಮೇಲೆ ಹೋಯಿತು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳಲು ಬಾಗಿದಾಗ ಅದು ನನಗೂ ಕಂಡಿತು. ಏಳು ವಾಕ್ಯಗಳು, ಒಂದೊಂದಕ್ಕೂ ಒಂದು ಅಂಕಿ. ಬೇಕಾಗಿದ್ದೆಲ್ಲ ಸಿಕ್ಕಿತೇ ಎಂಬುದು ಮೂರನೆಯದು, ಕಾರ್ಡಿನ ವಿಚಾರ ನಾಲ್ಕನೆಯದು. ಇವೆರಡರ ನಡುವೆ ‘ಇಲ್ಲ’ ಎಂದವನಿಗೆ ಏನು ಹೇಳಬೇಕೆಂಬುದು ಎಲ್ಲೂ ಬರೆದಿರಲಿಲ್ಲ. ಅವಳು ಉಳಿದ ಸಾಲುಗಳನ್ನು ಒಂದೂ ಬಿಡದೆ ಮುಗಿಸಿದಳು. ಬಿಲ್ಲನ್ನು ಕೈಗಿಡುವಾಗ ಮಾತ್ರ, ಸೂಪರ್‌ವೈಸರ್ ಆ ಕಡೆ ತಿರುಗಿದ್ದನ್ನು ನೋಡಿಕೊಂಡು, ದನಿ ತಗ್ಗಿಸಿ, ‘ಸರ್, ವಾಷರ್ ಬಿಡಿಯಾಗಿ ಇಡೋದಿಲ್ಲ. ಕೊನೇ ಸಾಲಲ್ಲಿ ಮುಚ್ಚಳದ ಸೆಟ್ ಅಂತ ಇದೆ, ಅದರೊಳಗೆ ಎರಡು ಇರುತ್ತೆ’ ಎಂದಳು.

ಅಂದರೆ ಅವಳಿಗೆ ಗೊತ್ತಿತ್ತು. ಸಾವಿರಾರು ಸಾಮಾನುಗಳ ನಡುವೆ ಬೆರಳ ತುದಿಯಷ್ಟು ರಬ್ಬರಿನ ತುಂಡು ಯಾವ ಪೊಟ್ಟಣದೊಳಗೆ ಅಡಗಿದೆ ಎಂಬುದು ಗೊತ್ತಿರುವ ಕೆಲಸಗಾರ್ತಿ ಯಾವುದೇ ವ್ಯಾಪಾರಕ್ಕೆ ಆಸ್ತಿ. ಅಂಥವಳು ತನಗೆ ಗೊತ್ತಿದ್ದದ್ದನ್ನು ಕದ್ದು ಹೇಳಬೇಕಾಯಿತು. ಗಟ್ಟಿಯಾಗಿ ಹೇಳಬೇಕಾಗಿದ್ದದ್ದು ಅವಳಿಗಾಗಲಿ ನನಗಾಗಲಿ ಅರ್ಥವಿಲ್ಲದ ಏಳು ವಾಕ್ಯಗಳನ್ನು. ನನ್ನ ದೂರು ಇಷ್ಟೇ, ಮತ್ತು ಅದು ಆ ಹುಡುಗಿಯ ಮೇಲೆ ಅಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಕೌಂಟರಿನ ಹಿಂದೆ ನಿಂತವರನ್ನು ‘ಗಿಳಿಪಾಠ ಒಪ್ಪಿಸುತ್ತಾರೆ’, ‘ಯಂತ್ರದ ಹಾಗೆ ಆಡುತ್ತಾರೆ’ ಎಂದು ಗೇಲಿ ಮಾಡುವುದು ಸುಲಭ. ಪಾಠ ಬರೆದುಕೊಟ್ಟವರು ಯಾವ ಗ್ರಾಹಕನ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಗೇಲಿಯೂ ಅವರವರೆಗೆ ತಲುಪುವುದಿಲ್ಲ. ಈ ಪತ್ರವನ್ನು ನಿಮ್ಮ ವಿಳಾಸಕ್ಕೆ ಬರೆಯುತ್ತಿರುವುದು ಅದಕ್ಕೇ.

ಈ ಕೆಲಸದ ಒಳಗನ್ನು ನಾನು ಸ್ವಲ್ಪ ಬಲ್ಲೆ. ನನ್ನ ತಂಗಿಯ ಮಗಳು ಇಂಥದೇ ಇನ್ನೊಂದು ಮಳಿಗೆಯಲ್ಲಿ ಎರಡು ವರ್ಷ ದುಡಿದಳು. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು ಒಂದು ರಾತ್ರಿ ಅವಳ ಅಜ್ಜಿ ಫೋನ್ ಮಾಡಿದಾಗ, ಅರೆನಿದ್ದೆಯಲ್ಲಿದ್ದವಳು ಫೋನ್ ಎತ್ತಿ, ತನ್ನ ಮಳಿಗೆಯ ಹೆಸರು ಹೇಳಿ, ಸ್ವಾಗತ ಕೋರಿ, ನಿಮಗೆ ಯಾವ ರೀತಿ ಸಹಾಯ ಮಾಡಲಿ ಎಂದು ಕೇಳಿದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು. ಆಮೇಲೊಮ್ಮೆ ಮಾತಿನ ನಡುವೆ, ‘ಮಾಮ, ದಿನಕ್ಕೆ ಮುನ್ನೂರು ಸಲ ಅದನ್ನೇ ಹೇಳ್ತಾ ಹೇಳ್ತಾ, ಸಂಜೆ ಹೊತ್ತಿಗೆ ಅದು ಬಾಯಿಂದ ಬರ್ತಿದೆಯೋ ಬೇರೆಲ್ಲಿಂದಲೋ ಬರ್ತಿದೆಯೋ ಗೊತ್ತಾಗಲ್ಲ’ ಎಂದಾಗ ಮಾತ್ರ ಯಾರೂ ನಗಲಿಲ್ಲ. ವಾಕ್ಯ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದೆ. ಗ್ರಾಹಕರ ವೇಷದಲ್ಲಿ ಕಂಪನಿಯೇ ಕಳಿಸುವ ‘ಮಿಸ್ಟರಿ ಶಾಪರ್’ ಯಾವ ಹೊತ್ತಿನಲ್ಲಿ ಬರುತ್ತಾರೆಂದು ಯಾರಿಗೂ ತಿಳಿಯುವುದಿಲ್ಲವಂತೆ. ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ಸ್ವಾಗತ ಹೇಳಿದರೇ, ಹೌದು ಅಥವಾ ಇಲ್ಲ, ಕಾರ್ಡಿನ ಬಗ್ಗೆ ಕೇಳಿದರೇ, ಹೌದು ಅಥವಾ ಇಲ್ಲ, ನಕ್ಕರೇ, ಹೌದು ಅಥವಾ ಇಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟರೇ ಎಂಬ ಕಲಮು ಅವಳ ಮಳಿಗೆಯ ಪಟ್ಟಿಯಲ್ಲಿ ಇರಲೇ ಇಲ್ಲ.

ಅಂಗಡಿಯವರ ಮಾತನ್ನು ಹೀಗೆ ಅಳತೆಗೋಲಿಗೆ ಒಗ್ಗಿಸುವ ಹಂಬಲ ಎಲ್ಲಿಂದ ಬಂತು ಎಂದು ಯೋಚಿಸಿದರೆ ಎರಡು ಮೂಲಗಳು ಹೊಳೆಯುತ್ತವೆ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ವಗಳನ್ನು ಪ್ರಕಟಿಸಿದಾಗ ಅವನ ಕಣ್ಣಿದ್ದದ್ದು ಕಾರ್ಖಾನೆಯ ಕೆಲಸಗಾರನ ಕೈಕಾಲುಗಳ ಮೇಲೆ. ಕೆಲಸವನ್ನು ಚೂರುಚೂರು ಮಾಡಿ, ಒಂದೊಂದು ಚೂರಿಗೂ ತಗಲುವ ಹೊತ್ತನ್ನು ಅಳೆದು, ಅತ್ಯುತ್ತಮ ವಿಧಾನ ಯಾವುದೆಂದು ಮೇಲಿನವರು ನಿರ್ಧರಿಸಬೇಕು, ಕೆಳಗಿನವರು ಅದರಂತೆ ನಡೆಯಬೇಕು ಎಂಬುದು ಅವನ ಲೆಕ್ಕ. ಯೋಚಿಸುವವರೇ ಬೇರೆ, ಮಾಡುವವರೇ ಬೇರೆ. ಇದಾದ ಐದು ವರ್ಷಕ್ಕೆ, 1916ರಲ್ಲಿ, ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಮಳಿಗೆ ತೆರೆದು, ಗ್ರಾಹಕರು ತಾವೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುವ ವ್ಯವಸ್ಥೆ ಮಾಡಿದ. ಅಲ್ಲಿಯ ತನಕ ಗಿರಾಕಿ ಬಾಯಿಬಿಟ್ಟು ಕೇಳುವುದು, ಅಂಗಡಿಯವನು ಒಳಗಿನಿಂದ ತಂದುಕೊಡುವುದು ವಾಡಿಕೆಯಾಗಿತ್ತು. ಮಾತಿಲ್ಲದೆ ವ್ಯಾಪಾರವೇ ಸಾಗುತ್ತಿರಲಿಲ್ಲ. ಸ್ವಯಂಸೇವೆ ಬಂದ ಮೇಲೆ ಮಾತಿನ ಅಗತ್ಯ ಬಹುಮಟ್ಟಿಗೆ ಹೋಯಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ, ನನಗೂ ನನ್ನ ಪಾಡಿಗೆ ಆರಿಸಿಕೊಳ್ಳುವುದೇ ಇಷ್ಟ. ಆದರೆ ಅಗತ್ಯವಿದ್ದ ಮಾತನ್ನು ತೆಗೆದುಹಾಕಿದ ವ್ಯವಸ್ಥೆಗೆ ಆ ಖಾಲಿ ಜಾಗ ಎದ್ದು ಕಾಣತೊಡಗಿತೇನೋ, ಅದನ್ನು ಅಗತ್ಯವಿಲ್ಲದ ಮಾತಿನಿಂದ ತುಂಬಿಸಲು ಹೊರಟಿತು. ತುಂಬಿಸುವಾಗ ಟೇಲರನ ಗಡಿಯಾರವನ್ನು ಕೈಕಾಲಿನಿಂದ ಬಿಚ್ಚಿ ನಾಲಿಗೆಗೆ ಕಟ್ಟಿತು.

ನಾಲಿಗೆಗೆ ಮಾತ್ರವಲ್ಲ, ಮುಖಕ್ಕೂ. ‘ಗ್ರಾಹಕರ ಕಣ್ಣಲ್ಲಿ ಕಣ್ಣಿಟ್ಟು ನಗಬೇಕು’ ಎಂಬ ಸೂಚನೆ ನಿಮ್ಮ ತರಬೇತಿ ಕೈಪಿಡಿಗಳಲ್ಲಿ ಇದ್ದೇ ಇರುತ್ತದೆ. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ಮುಖದ ಸ್ನಾಯುಗಳನ್ನು ಅಧ್ಯಯನ ಮಾಡಿ, ತುಟಿಯ ಅಂಚನ್ನು ಬೇಕೆಂದಾಗ ಮೇಲೆತ್ತಬಹುದಾದರೂ ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷವಿಲ್ಲದೆ ಆ ಬಗೆಯಲ್ಲಿ ಕದಲದು ಎಂದು ವಾದಿಸಿದ. ಕಣ್ಣು ನಗದ ನಗುವನ್ನು ಗುರುತಿಸಲು ಗ್ರಾಹಕನು ವೈದ್ಯನಾಗಬೇಕಿಲ್ಲ, ಮಗುವಿಗೂ ಅದು ತಿಳಿಯುತ್ತದೆ. ಹಾಗಿದ್ದ ಮೇಲೆ ಈ ನಗು ಯಾರನ್ನು ನಂಬಿಸಲು? ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಿಕೆಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಧ್ಯಯನ ಮಾಡಿ, ಸಂಬಳಕ್ಕಾಗಿ ತನ್ನ ಭಾವನೆಯನ್ನೇ ಹದಗೊಳಿಸಿ ಮಾರಬೇಕಾದ ಈ ದುಡಿಮೆಗೆ 1983ರಲ್ಲಿ ‘ಭಾವನಾತ್ಮಕ ಶ್ರಮ’ ಎಂಬ ಹೆಸರು ಕೊಟ್ಟರು. ಮೂಟೆ ಹೊತ್ತವನ ಬೆನ್ನು ನೋಯುವುದು ಎಲ್ಲರಿಗೂ ತಿಳಿದದ್ದೇ. ಇಡೀ ದಿನ ಇಲ್ಲದ ಸಂತೋಷವನ್ನು ಹೊತ್ತು ನಿಂತವರಿಗೆ ನೋಯುವುದೇನು ಎಂಬುದನ್ನು ಹಾಕ್‌ಶೀಲ್ಡ್ ಅವರ ಅಧ್ಯಯನ ಎಲ್ಲರ ಮುಂದಿಟ್ಟಿತು. ಬ್ರಿಟನ್ನಿನಲ್ಲಿ 1899ರಷ್ಟು ಹಿಂದೆಯೇ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಮೂವರಿಗೊಂದರಂತೆ ಆಸನ ಇಡಬೇಕೆಂದು ಕಾನೂನು ಬಂತು. ಕಾಲಿಗೆ ವಿಶ್ರಾಂತಿ ಬೇಕೆಂದು ಒಪ್ಪಿಕೊಂಡು ನೂರು ವರ್ಷ ಕಳೆದಿದೆ. ಕೆನ್ನೆಗೂ ಬೇಕು ಎಂದರೆ ನೀವು ಇಂದಿಗೂ ನಕ್ಕುಬಿಡುತ್ತೀರಿ, ಅದೂ ಕಣ್ಣು ಸೇರಿದ ನಗು.

ಈ ಕಡ್ಡಾಯ ನಗುವಿನ ಇನ್ನೊಂದು ಮುಖವನ್ನು ನೀವು ಗಮನಿಸಿರಬಹುದು, ಗಮನಿಸಿಲ್ಲವಾದರೆ ನಿಮ್ಮ ಮಹಿಳಾ ಸಿಬ್ಬಂದಿಯನ್ನು ಕೇಳಿರಿ. 1998ರಲ್ಲಿ ಅಮೆರಿಕದ ದೊಡ್ಡದೊಂದು ಸೂಪರ್‌ಮಾರ್ಕೆಟ್ ಸರಪಳಿಯ ಮಹಿಳಾ ಕೆಲಸಗಾರರು ಇಂಥದೇ ನಿಯಮದ ವಿರುದ್ಧ ದೂರು ಕೊಟ್ಟರು. ಕಣ್ಣಲ್ಲಿ ಕಣ್ಣಿಟ್ಟು ನಗಬೇಕೆಂಬ ಆಜ್ಞೆಯನ್ನು ಪಾಲಿಸಿದರೆ ಕೆಲವು ಗಂಡಸರು ಅದನ್ನು ಬೇರೆಯೇ ಆಹ್ವಾನವೆಂದು ತಿಳಿದು ಹಿಂದೆ ಬೀಳುತ್ತಿದ್ದಾರೆ ಎಂಬುದು ಅವರ ಅಳಲಾಗಿತ್ತು. ಯಾರಿಗೆ ನಗಬೇಕು, ಯಾರ ಮುಂದೆ ಮುಖ ಗಂಟಿಕ್ಕಿಕೊಳ್ಳಬೇಕು ಎಂಬ ವಿವೇಚನೆ ಒಬ್ಬ ಹೆಣ್ಣುಮಗಳಿಗೆ ರಕ್ಷಣೆಯೂ ಹೌದು. ಅದನ್ನು ಕಂಪನಿಯ ನಿಯಮ ಕಿತ್ತುಕೊಳ್ಳಬಾರದು.

ಹಾಗೆಂದು ಎಲ್ಲ ಮಾತಿಗೂ ಅರ್ಥವಿರಲೇಬೇಕೆಂದು ಹಟ ಹಿಡಿಯುವವನು ನಾನಲ್ಲ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲೇ ಹೇಳಿದಂತೆ, ಯಾವ ಮಾಹಿತಿಯನ್ನೂ ಸಾಗಿಸದೆ ಬರೀ ಸಂಬಂಧದ ಎಳೆಯನ್ನು ಹಿಡಿದಿಡುವ ಮಾತುಗಳು ಎಲ್ಲ ಸಮಾಜಗಳಲ್ಲೂ ಇವೆ. ‘ಚೆನ್ನಾಗಿದ್ದೀರಾ?’ ಎಂದವರಿಗೆ ಯಾರೂ ರಕ್ತದೊತ್ತಡದ ಲೆಕ್ಕ ಒಪ್ಪಿಸುವುದಿಲ್ಲ. ಆದರೆ ಅಂಥ ಮಾತು ಎದುರಿನವರ ಮುಖ ನೋಡಿ ಹುಟ್ಟುತ್ತದೆ, ಮುಖ ನೋಡಿ ಬದಲಾಗುತ್ತದೆ, ಬೇಡವೆನಿಸಿದಾಗ ಹುಟ್ಟದೆಯೂ ಇರುತ್ತದೆ. ಒದ್ದೆ ಕೊಡೆಯನ್ನು ಕೊಡವುತ್ತ ಒಳಬಂದವನಿಗೆ ‘ಜೋರಾ ಮಳೆ?’ ಎನ್ನುವುದು ಮಾತು. ನಾನೊಮ್ಮೆ ಮಳಿಗೆಯ ಬಾಗಿಲಲ್ಲಿ ಕೊಡೆ ಮರೆತು, ಮತ್ತೆ ಹೊರಹೋಗಿ, ಮತ್ತೆ ಒಳಬಂದು, ಚೀಟಿ ಬಿದ್ದುಹೋಯಿತೆಂದು ಇನ್ನೊಮ್ಮೆ ಹೋಗಿಬಂದಾಗ ಬಾಗಿಲ ಬಳಿಯ ತರುಣ ಮೂರು ಸಲವೂ ಅದೇ ದನಿಯಲ್ಲಿ ಅದೇ ಸ್ವಾಗತ ಕೋರಿದ. ಮೂರನೆಯ ಸಲ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸಿದೆವು. ಭಾಷೆಯ ಕಡೆಯಿಂದಲೂ ಒಂದು ಮಾತು: ‘ಏನು ಬೇಕಿತ್ತು?’ ಎಂದು ಈಗಿನ ಬೇಕನ್ನು ಭೂತಕಾಲಕ್ಕೆ ತಳ್ಳಿ ಮೆತ್ತಗೆ ಮಾಡಿ ಕೇಳುವಷ್ಟು ನಯ ಕನ್ನಡದ ಎರಡು ಪದಗಳಲ್ಲೇ ಇರುವಾಗ, ‘ಇಂದು ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಎಂಬ ವಾಕ್ಯವನ್ನು ಯಾರ ಬಾಯಿಗೂ ಒಗ್ಗದಂತೆ ತುರುಕಿದವರು ಯಾರೋ.

ಯಂತ್ರದಂತೆ ಮಾತಾಡುತ್ತಾರೆ ಎಂಬ ಆಕ್ಷೇಪಣೆ ಯಂತ್ರಕ್ಕೂ ಅನ್ಯಾಯವೇ ಸರಿ. ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದ. ನಾವು ಟೈಪ್ ಮಾಡಿದ ಮಾತಿನಲ್ಲಿ ಕೆಲವು ಪದಗಳನ್ನು ಹುಡುಕಿ, ಅವಕ್ಕೆ ತಕ್ಕ ಉತ್ತರ ಹೊಂದಿಸುವ ತೀರ ಸರಳವಾದ ಪ್ರೋಗ್ರಾಮು ಅದು, ಅರ್ಥವೆಂಬುದು ಅದಕ್ಕೆ ಎಳ್ಳಷ್ಟೂ ಆಗುತ್ತಿರಲಿಲ್ಲ. ಅದು ಯಾವ ನಿಯಮಗಳ ಪ್ರಕಾರ ಉತ್ತರಿಸುತ್ತಿತ್ತೋ, ನೀವು ಸಿಬ್ಬಂದಿಗೆ ಬರೆದುಕೊಡುವ ಮಾತಿನ ಪಟ್ಟಿಯನ್ನು ಕರೆಯುವ ಹಾಗೆ, ಅವನ್ನೂ ‘ಸ್ಕ್ರಿಪ್ಟ್’ ಎಂದೇ ಕರೆದಿದ್ದರು. ಆ ಸ್ಕ್ರಿಪ್ಟಿನಲ್ಲಿ, ಗಮನವಿಟ್ಟು ಕೇಳಿ, ‘ಇಲ್ಲ’ ಎಂಬ ಪದಕ್ಕೆ ಪ್ರತ್ಯೇಕ ನಿಯಮವಿತ್ತು. ಯಾರಾದರೂ ಇಲ್ಲವೆಂದರೆ ಅದು ಕೆಲವೊಮ್ಮೆ ‘ಯಾಕಿಲ್ಲ?’ ಎಂದು ಕೇಳುತ್ತಿತ್ತು. ಅರವತ್ತು ವರ್ಷಗಳಷ್ಟು ಹಿಂದಿನ, ಬುದ್ಧಿಯಿಲ್ಲದ ಪ್ರೋಗ್ರಾಮಿಗೆ ಕೊಟ್ಟಿದ್ದ ಸವಲತ್ತನ್ನು ನೀವು ಬುದ್ಧಿಯಿರುವ ಹುಡುಗಿಗೆ ಕೊಟ್ಟಿಲ್ಲ.

ನಿಮ್ಮ ಕಡೆಯ ವಾದವನ್ನೂ ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಒಂದಂತೂ ನನ್ನನ್ನು ಬಹಳ ದಿನ ಕಾಡಿತು. ಬರೆದಿಟ್ಟ ಮಾತಿಲ್ಲದಿದ್ದರೆ ಸಿಬ್ಬಂದಿ ಮುಖ ನೋಡಿ ಮಣೆ ಹಾಕುತ್ತಾರೆ. ಬಟ್ಟೆ ಚೆನ್ನಾಗಿದ್ದವರಿಗೆ ನಮಸ್ಕಾರ, ಚಪ್ಪಲಿ ಹರಿದವರ ಹಿಂದೆ ಕಾವಲು. ಸ್ಕ್ರಿಪ್ಟ್ ಎಂದರೆ ಎಲ್ಲರಿಗೂ ಒಂದೇ ಸ್ವಾಗತ, ಒಂದೇ ‘ಸರ್’, ಒಂದೇ ‘ಮೇಡಂ’. ಅಂಗಡಿ ಮೆಟ್ಟಿಲು ಹತ್ತಲು ಹಿಂಜರಿದವರಿಗೆ ಇದು ಸಣ್ಣ ಗೌರವವೇನಲ್ಲ. ಒಪ್ಪುತ್ತೇನೆ. ಆದರೆ ಸಮಾನವಾಗಿ ಕಾಣುವುದು ನಡವಳಿಕೆಗೆ ಸೇರಿದ್ದು. ಸರದಿ ತಪ್ಪಿಸಬಾರದು, ಯಾರನ್ನೂ ಏಕವಚನದಲ್ಲಿ ಕರೆಯಬಾರದು, ಕೇಳಿದ ಸಾಮಾನನ್ನು ತೋರಿಸದೆ ಕಳಿಸಬಾರದು ಎಂದು ನಿಯಮ ಮಾಡಿ, ಮುರಿದವರನ್ನು ವಿಚಾರಿಸಿರಿ. ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಅಗೌರವವನ್ನು ತಡೆಯಲು ಎಲ್ಲರನ್ನೂ ಸಮನಾಗಿ ಕೇಳಿಸಿಕೊಳ್ಳದಿರುವುದು ಮಾತ್ರ ವಿಚಿತ್ರವಾದ ಸಮಾನತೆ. ಹೊಸಬರಿಗೆ ಮೊದಲ ವಾರ ನಾಲ್ಕು ವಾಕ್ಯ ಆಸರೆಯಾಗುತ್ತವೆ ಎಂಬುದೂ ನಿಜ, ಈಜು ಕಲಿಯುವವರ ಸೊಂಟದ ಟ್ಯೂಬಿನ ಹಾಗೆ. ಔಷಧ ಕೊಡುವವರು ಹೊತ್ತು ಮತ್ತು ಪ್ರಮಾಣವನ್ನು ಪ್ರತಿಸಲ ತಪ್ಪದೆ ಹೇಳಬೇಕಾದದ್ದೂ, ಹಣ ಎಣಿಸುವವರು ಮೊತ್ತವನ್ನು ಬಾಯಿಬಿಟ್ಟು ಹೇಳಬೇಕಾದದ್ದೂ ನಿಜ. ಅಲ್ಲಿ ಪುನರಾವರ್ತನೆಯಿಂದ ತಪ್ಪು ತಪ್ಪುತ್ತದೆ. ನಾನು ಮಾತಾಡುತ್ತಿರುವುದು ಯಾವ ತಪ್ಪನ್ನೂ ತಪ್ಪಿಸದ, ಉತ್ತರಕ್ಕೆ ಕಾಯದ ಪ್ರಶ್ನೆಗಳ ಬಗ್ಗೆ.

ಇಷ್ಟು ಬಿಗಿಯಾಗಿ ಈ ಪದ್ಧತಿ ಬೇರೂರಲು ಅಂಕಗಳೂ ಕಾರಣ. ಫ್ರೆಡ್ ರೈಕೆಲ್ಡ್ ಎಂಬುವರು 2003ರಲ್ಲಿ ಗ್ರಾಹಕರನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕೆಂಬ ವಿಧಾನವನ್ನು ಮುಂದಿಟ್ಟರು. ನಮ್ಮನ್ನು ನಿಮ್ಮ ಗೆಳೆಯರಿಗೆ ಶಿಫಾರಸು ಮಾಡುವಿರಾ ಎಂದು ಕೇಳಿ ಸೊನ್ನೆಯಿಂದ ಹತ್ತರವರೆಗೆ ಅಂಕ ಪಡೆಯುವುದು. 9 ಮತ್ತು 10 ಕೊಟ್ಟವರ ಶೇಕಡಾ ಪ್ರಮಾಣದಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾ ಪ್ರಮಾಣವನ್ನು ಕಳೆಯುವುದು. 7 ಮತ್ತು 8 ಲೆಕ್ಕಕ್ಕಿಲ್ಲ. ಶಾಲೆಯಲ್ಲಿ ಹತ್ತಕ್ಕೆ ಎಂಟು ಬಂದರೆ ಹಿಗ್ಗುತ್ತಿದ್ದ ನಮ್ಮಂಥವರು, ಮೆಚ್ಚಿಕೊಂಡೇ ಎಂಟು ಕೊಟ್ಟು ಆ ಹುಡುಗಿಯ ಶ್ರಮವನ್ನು ಸೊನ್ನೆ ಮಾಡಿ ಬರುತ್ತೇವೆ. ಈ ಗುಟ್ಟು ಗೊತ್ತಿರುವ ಸಿಬ್ಬಂದಿ ‘ದಯವಿಟ್ಟು ಹತ್ತು ಕೊಡಿ ಸರ್, ಒಂಬತ್ತಾದರೂ ಕೊಡಿ’ ಎಂದು ಅಂಗಲಾಚುವುದನ್ನು ನೀವು ಕೇಳಿಸಿಕೊಂಡಿಲ್ಲವಾದರೆ ಒಂದು ದಿನ ನಿಮ್ಮದೇ ಮಳಿಗೆಯಲ್ಲಿ ನಿಂತು ನೋಡಿರಿ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಕುರಿತು ಬರೆಯುತ್ತ ಸೂಚಿಸಿದ್ದ ಅಪಾಯವೇ ಇದು: ಅಳತೆಯನ್ನು ಗುರಿಯಾಗಿ ಮಾಡಿಕೊಂಡ ಕ್ಷಣದಿಂದ ಅದು ಅಳತೆಯಾಗಿ ಉಳಿಯುವುದಿಲ್ಲ. ಅಂಗಲಾಚಿ ಪಡೆದ ಹತ್ತು, ಹೆದರಿ ನಕ್ಕ ನಗು, ಎಲ್ಲವೂ ನಿಮ್ಮ ತಿಂಗಳ ವರದಿಯಲ್ಲಿ ತೃಪ್ತ ಗ್ರಾಹಕರಾಗಿ ಏರುತ್ತವೆ.

ಏರದೇ ಉಳಿಯುವುದು ವಾಷರಿನ ವಿಷಯ. ನನ್ನ ಮಟ್ಟಿಗೆ ಇಡೀ ಪತ್ರದ ತಿರುಳು ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಬೇಕಾಗಿದ್ದೆಲ್ಲ ಸಿಕ್ಕಿತೇ?’ ಎಂಬುದು ವ್ಯಾಪಾರದಲ್ಲಿ ಕೇಳಬಹುದಾದ ಅತ್ಯುತ್ತಮ ಪ್ರಶ್ನೆಗಳಲ್ಲಿ ಒಂದು. ಮಾರಾಟವಾದದ್ದರ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲಿ ಪೈಸೆ ಪೈಸೆಗೂ ಇದೆ. ಮಾರಾಟವಾಗದೆ ಹೋದದ್ದರ, ಗಿರಾಕಿ ಹುಡುಕಿ ಸಿಗದೆ ಹಿಂದಿರುಗಿದ್ದರ ಲೆಕ್ಕ ಎಲ್ಲೂ ಇಲ್ಲ. ಅದು ಸಿಗುವುದು ಕೌಂಟರಿನ ಎದುರು ನಿಂತವನ ಬಾಯಲ್ಲಿ, ಆ ಅರ್ಧ ನಿಮಿಷದಲ್ಲಿ, ಅದೂ ಕೇಳುವವರು ಕೇಳಿಸಿಕೊಂಡರೆ ಮಾತ್ರ. ನನ್ನ ಹಾಗೆ ವಾಷರ್ ಕೇಳಿ ಸಿಗದೆ ಹೋದವರು ಆ ವಾರದಲ್ಲಿ ಇನ್ನೆಷ್ಟು ಜನರೋ. ಮುಚ್ಚಳದ ಸೆಟ್ಟಿನ ಪೊಟ್ಟಣದ ಮೇಲೆ ‘ಒಳಗೆ ವಾಷರ್ ಇದೆ’ ಎಂದು ಒಂದು ಚೀಟಿ ಅಂಟಿಸಿದ್ದರೆ ಮುಗಿಯುವ ಸಮಸ್ಯೆ ಇದು ಎಂದು ಆ ಹುಡುಗಿಗೆ ಖಂಡಿತ ಹೊಳೆದಿರುತ್ತದೆ. ಅದನ್ನು ಹೇಳಲು ಅವಳಿಗೆ ಯಾವ ಸಾಲೂ ಇಲ್ಲ, ಕೇಳಲು ನಿಮಗೆ ಯಾವ ಕಿವಿಯೂ ಇಲ್ಲ. ದಿನಕ್ಕೆ ನೂರಾರು ಸಲ ಕೇಳುವ ಪ್ರಶ್ನೆಗೆ ಬಂದ ಉತ್ತರಗಳನ್ನು ದಿನಕ್ಕೆ ನೂರಾರು ಸಲ ನೆಲಕ್ಕೆ ಚೆಲ್ಲುತ್ತಿದ್ದೀರಿ.

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದ ನಾರ್ಡ್‌ಸ್ಟ್ರಾಮ್ ಎಂಬ ಮಳಿಗೆ ಸರಪಳಿ ಬಹಳ ವರ್ಷಗಳ ಕಾಲ ಹೊಸ ಸಿಬ್ಬಂದಿಗೆ ಕೊಡುತ್ತಿದ್ದ ಕೈಪಿಡಿ ಒಂದೇ ಒಂದು ಕಾರ್ಡಿನಷ್ಟಿತ್ತು. ಎಲ್ಲ ಸಂದರ್ಭಗಳಲ್ಲೂ ನಿಮ್ಮ ವಿವೇಚನೆ ಬಳಸಿರಿ, ಇದನ್ನು ಬಿಟ್ಟು ಬೇರೆ ನಿಯಮವಿಲ್ಲ ಎಂಬುದು ಅದರ ಸಾರ. ಎಲ್ಲ ಮಳಿಗೆಗೂ ಅದು ಹೊಂದೀತೆಂದು ನಾನು ಹೇಳಲಾರೆ. ವಿವೇಚನೆ ಬಳಸಲು ಹೊತ್ತು ಬೇಕು, ಹೊತ್ತಿಗೆ ಜನ ಬೇಕು, ಜನಕ್ಕೆ ಸಂಬಳ ಬೇಕು, ಮತ್ತು ಎರಡು ಕೌಂಟರಿನ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದ ಕಡೆ ವಿವೇಚನೆಯ ಮಾತು ತಮಾಷೆಯಾಗುತ್ತದೆ. ಹಾಗಾಗಿ ನನ್ನ ಕೋರಿಕೆಗಳು ಇದಕ್ಕಿಂತ ಸಣ್ಣವು.

ಆ ಕಾಗದವನ್ನು ಕೌಂಟರಿನಿಂದ ಕಿತ್ತುಹಾಕಿ, ಅದು ಕಷ್ಟವಾದರೆ ಮೂರನೆಯ ಸಾಲಿನ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಡಿರಿ ಮತ್ತು ಪಕ್ಕದಲ್ಲೊಂದು ಪೆನ್ನು ಇಡಿರಿ. ‘ಇಲ್ಲ’ ಎಂದವರು ಏನು ಹುಡುಕುತ್ತಿದ್ದರೆಂದು ಸಿಬ್ಬಂದಿ ಬರೆದಿಡಲಿ, ವಾರಕ್ಕೊಮ್ಮೆ ಮೇಲಿನವರೊಬ್ಬರು ಅದನ್ನು ಓದಿ ಉತ್ತರಿಸಲಿ. ಮಾತು ಬೇಡವಾದ ಗ್ರಾಹಕನೊಂದಿಗೆ ಸುಮ್ಮನಿರುವ ಹಕ್ಕನ್ನೂ, ದಣಿದ ದಿನ ನಗದಿರುವ ಹಕ್ಕನ್ನೂ ಅವರಿಗೆ ಕೊಡಿರಿ. ನನ್ನ ಅನುಭವದಲ್ಲಿ, ಕೇಳಿದ ಸಾಮಾನನ್ನು ಗಂಟುಮುಖದಲ್ಲೇ ಹುಡುಕಿಕೊಟ್ಟವರ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಮಿಸ್ಟರಿ ಶಾಪರನ ಪಟ್ಟಿಯಲ್ಲಿ, ಕೇಳಿದ್ದಕ್ಕೆ ಉತ್ತರ ಸಿಕ್ಕಿತೇ ಎಂಬ ಒಂದು ಕಲಮನ್ನು ಸೇರಿಸಿ, ಅದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಅಂಕದ ಆಧಾರದ ಮೇಲೆ ಸಂಬಳ ಕತ್ತರಿಸುವ ಪದ್ಧತಿ ಎಲ್ಲಾದರೂ ಇದ್ದರೆ ಅದನ್ನು ನಿಲ್ಲಿಸಿರಿ. ಮತ್ತು ವಾಕ್ಯ ಬರೆಯುವವರು ವರ್ಷಕ್ಕೆ ಒಂದು ವಾರ, ತಾವು ಬರೆದದ್ದನ್ನು ತಾವೇ ಕೌಂಟರಿನಲ್ಲಿ ನಿಂತು, ದಿನಕ್ಕೆ ಮುನ್ನೂರು ಸಲ ಹೇಳಲಿ.

ಕೊನೆಯ ಸಾಲಿನ ಮುಚ್ಚಳದ ಸೆಟ್ಟನ್ನು ನಾನು ಆ ದಿನವೇ ಕೊಂಡೆ. ಹುಡುಗಿ ಹೇಳಿದಂತೆ ಅದರೊಳಗೆ ಎರಡು ವಾಷರ್ ಇದ್ದವು, ಫ್ಲಾಸ್ಕ್ ಈಗ ಸೋರುವುದಿಲ್ಲ. ಆ ಮಳಿಗೆಯ ಹೆಸರನ್ನೂ, ನಾನು ಹೋದ ದಿನವನ್ನೂ ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ನೀವು ಕ್ಯಾಮೆರಾ ತಿರುವಿ ಅವಳನ್ನು ಪತ್ತೆಹಚ್ಚಿ, ಪಟ್ಟಿಯಲ್ಲಿಲ್ಲದ ಮಾತಾಡಿದ್ದು ಯಾಕೆಂದು ವಿವರಣೆ ಕೇಳುವಿರೆಂಬ ಅಂಜಿಕೆ ನನಗಿದೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಮಳಿಗೆಗಳ ಕಾಯಂ ಗಿರಾಕಿ